ಕಾಣದ ಪಠ್ಯ ಇದ್ದ ಮಾತ್ರಕ್ಕೆ ಇಮೇಲ್ ಸ್ಪ್ಯಾಮ್ ಆಗುವುದಿಲ್ಲ

ಪ್ರಶ್ನೆ: ಗೋಣಿಕೊಪ್ಪಲಿನಲ್ಲಿ ಕಾಫಿ ಬೆಳೆಗಾರರ ಒಂದು ಸಹಕಾರ ಸಂಘದ ಮತ್ತು ಸುತ್ತಲಿನ ಕೆಲವು ಹೋಮ್‌ಸ್ಟೇಗಳ ಇಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಮೇಲ್‌ಗಳಿಗೆ ಅಂಕ ಕೊಟ್ಟು ಸ್ಪ್ಯಾಮ್ ಗುರುತಿಸುವ ಸ್ಪ್ಯಾಮ್‌ಅಸ್ಸಾಸಿನ್ ಎಂಬ ಫಿಲ್ಟರ್ ಬಳಸುತ್ತೇವೆ. ‘ಬಾಕಿ ಬಿಲ್’, ‘ಖಾತೆ ಸ್ಥಗಿತ’ ಎಂಬ ಮೋಸದ ಮೇಲ್‌ಗಳಲ್ಲಿ ಕಣ್ಣಿಗೆ ಕಾಣದ ಪಠ್ಯ ತುಂಬಿರುವುದನ್ನು ಕಂಡು, ‘ಡಿಸ್‌ಪ್ಲೇ: ನನ್’, ‘ಫಾಂಟ್-ಸೈಜ್: 0’ ಎಂಬ ಪಠ್ಯ ಮರೆಮಾಡುವ ವಿನ್ಯಾಸ ಸೂಚನೆಗಳು ಅಥವಾ ಶೂನ್ಯ ಅಗಲದ ಅಕ್ಷರಗಳಿರುವ ಮೇಲ್‌ಗಳಿಗೆಲ್ಲ 5 ಅಂಕ ಸೇರಿಸುವ ನಿಯಮ ಬರೆದೆ. ಮೋಸದ ಮೇಲ್‌ಗಳು ನಿಂತವು. ಆದರೆ ಅತಿಥಿಗಳ ಬುಕಿಂಗ್ ಸೂಚನೆಗಳು, ಬ್ಯಾಂಕಿನ ನಿಜವಾದ ಸ್ಟೇಟ್‌ಮೆಂಟ್‌ಗಳು, ಸಂಘವೇ ಕನ್ನಡದಲ್ಲಿ ಕಳಿಸುವ ಕಾಫಿ ಧಾರಣೆಯ ಸುತ್ತೋಲೆಗಳು ಕೂಡ ಜಂಕ್ ಫೋಲ್ಡರ್ ಸೇರುತ್ತಿವೆ. ನಿಯಮ ತೆಗೆದರೆ ಮೋಸದ ಮೇಲ್‌ಗಳು ಮರಳಿ ಬರುತ್ತವೆ. ಎರಡನ್ನೂ ಸರಿದೂಗಿಸುವುದು ಹೇಗೆ?

ಉತ್ತರ: ನಿಮ್ಮ ನಿಯಮ ‘ಈ ಮೇಲ್‌ನಲ್ಲಿ ಕಾಣದ ಪಠ್ಯ ಇದೆಯೇ?’ ಎಂದು ಕೇಳುತ್ತಿದೆ. ಇಂದಿನ ಬಹುಪಾಲು ವ್ಯಾವಹಾರಿಕ ಮೇಲ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ ಇರುತ್ತದೆ. ಕೇಳಬೇಕಾದದ್ದು ಬೇರೆ: ಓದುವವರ ಕಣ್ಣಿಗೆ ಬೀಳುವ ಪಠ್ಯಕ್ಕೂ ಫಿಲ್ಟರ್ ಓದುವ ಪಠ್ಯಕ್ಕೂ ಎಷ್ಟು ಅಂತರವಿದೆ, ಮತ್ತು ಆ ಅಂತರ ಯಾವ ಕೆಲಸ ಮಾಡುತ್ತಿದೆ? ಕಾಫಿ ಪುಡಿಯಲ್ಲಿ ಚಿಕೋರಿ ಇರುವುದು ತಪ್ಪಲ್ಲ. ನಮ್ಮ ಆಹಾರ ನಿಯಮಗಳ ಪ್ರಕಾರ ಮಿಶ್ರಣದಲ್ಲಿ ಕನಿಷ್ಠ ಶೇಕಡಾ 51 ಕಾಫಿ ಇರಬೇಕು, ಬೆರೆಸಿದ ಪ್ರಮಾಣವನ್ನು ಪೊಟ್ಟಣದ ಮೇಲೆ ಹೇಳಿರಬೇಕು. ಚಿಕೋರಿ ಕಂಡ ಪೊಟ್ಟಣವನ್ನೆಲ್ಲ ಎಸೆಯುವ ಪರೀಕ್ಷಕರು ಹೇಗೆ ಯಾರ ಕೆಲಸಕ್ಕೂ ಬಾರರೋ, ಕಾಣದ ಪಠ್ಯ ಕಂಡ ಮೇಲ್‌ಗಳನ್ನೆಲ್ಲ ತಡೆಯುವ ನಿಯಮವೂ ಹಾಗೆಯೇ.

ಸ್ಪ್ಯಾಮ್ ಕಳಿಸುವವರು ಪಠ್ಯವನ್ನು ಏಕೆ ಅಡಗಿಸುತ್ತಾರೆ ಎಂಬುದು ತಿಳಿದಿದ್ದರೆ ಪತ್ತೆಯ ದಾರಿ ಸುಲಭವಾಗುತ್ತದೆ. 2002ರ ನಂತರ ಪದಗಳ ಸಂಭವನೀಯತೆಯನ್ನು ಲೆಕ್ಕಹಾಕುವ ಬೇಯ್ಸಿಯನ್ ಫಿಲ್ಟರ್‌ಗಳು ಹರಡಿದವು. ಆಗ ಕಳಿಸುವವರು ಒಳ್ಳೆಯ ಪದಗಳನ್ನು, ಎಲ್ಲಿಂದಲೋ ಎತ್ತಿದ ಇಡೀ ಪ್ಯಾರಾಗಳನ್ನು ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಾಗಿ ತುಂಬಿ, ಕೆಟ್ಟ ಪದಗಳ ತೂಕವನ್ನು ಇಳಿಸಲು ನೋಡಿದರು. ಇದು ಮೊದಲ ಬಗೆ. ಎರಡನೆಯದು ಪದವನ್ನೇ ಒಡೆಯುವುದು. 2018ರಲ್ಲಿ ಅವನಾನ್ ಎಂಬ ಭದ್ರತಾ ಸಂಸ್ಥೆ ‘ಝೀರೋಫಾಂಟ್’ ಎಂದು ಹೆಸರಿಟ್ಟದ್ದು ಇದಕ್ಕೆ: ಪದದ ನಡುನಡುವೆ ಶೂನ್ಯ ಗಾತ್ರದ ಅಕ್ಷರಗಳನ್ನು ತುರುಕಿದರೆ ಫಿಲ್ಟರ್‌ಗೆ ಆ ಪದವೇ ಸಿಗುವುದಿಲ್ಲ. 2024ರ ಉತ್ತರಾರ್ಧದಲ್ಲಿ ಇಂಥ ಮೇಲ್‌ಗಳು ಹೆಚ್ಚಿದ್ದನ್ನು ಸಿಸ್ಕೋದ ಟ್ಯಾಲೋಸ್ ತಂಡ ವರದಿ ಮಾಡಿತ್ತು. ಮೂರನೆಯ ಬಗೆ ಇತ್ತೀಚಿನದು. ಮೇಲ್‌ನ ಸಾರಾಂಶ ಹೇಳುವ ಎಐ ಸಹಾಯಕಗಳು ಕಾಣದ ಪಠ್ಯವನ್ನೂ ಓದುತ್ತವೆ. ಆದ್ದರಿಂದ ಅಲ್ಲಿ ಸುಳ್ಳು ಸೂಚನೆಯನ್ನು ಬರೆದಿಡಲಾಗುತ್ತದೆ.

ಇನ್ನು ಪ್ರಾಮಾಣಿಕ ಕಳುಹುಗರ ಮಾತು. ಇನ್‌ಬಾಕ್ಸ್ ಪಟ್ಟಿಯಲ್ಲಿ ವಿಷಯದ ಪಕ್ಕ ತೆಳ್ಳಗೆ ಕಾಣುವ ಒಂದು ಸಾಲಿಗಾಗಿ ಅವರು ಮೇಲ್‌ನ ಮೊದಲಲ್ಲೇ ‘ಪ್ರೀಹೆಡರ್’ ಎಂಬ ಅಡಗಿಸಿದ ವಾಕ್ಯವನ್ನು ಇಡುತ್ತಾರೆ. ಅದರ ಬೆನ್ನಿಗೆ ಬೇರೆ ಪಠ್ಯ ಇಣುಕದಿರಲೆಂದು ಶೂನ್ಯ ಅಗಲದ ಅಕ್ಷರ ಮತ್ತು ಖಾಲಿ ಜಾಗಗಳನ್ನು ಹತ್ತಾರು ಸಲ ಪೋಣಿಸುತ್ತಾರೆ. ಮೊಬೈಲ್‌ಗೆ ಒಂದು, ಕಂಪ್ಯೂಟರ್‌ಗೆ ಒಂದು ಎಂದು ಎರಡು ವಿನ್ಯಾಸಗಳನ್ನಿಟ್ಟು, ಪರದೆಯ ಅಗಲ ನೋಡಿ ಒಂದನ್ನು ಮರೆಮಾಡುತ್ತಾರೆ. ಔಟ್‌ಲುಕ್‌ಗೆ ಮಾತ್ರ ಕಾಣುವ, ಇಲ್ಲವೇ ಔಟ್‌ಲುಕ್‌ಗೆ ಮಾತ್ರ ಕಾಣದ ತುಣುಕುಗಳನ್ನು ಇಡುತ್ತಾರೆ. ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್‌ಗಾಗಿ ಬರೆದ ಪಠ್ಯವೂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅಪರಾಧದಂತೆ ಎಣಿಸುವ ಫಿಲ್ಟರ್ ನನ್ನ ದೃಷ್ಟಿಯಲ್ಲಿ ಅನ್ಯಾಯದ ಫಿಲ್ಟರ್.

ನಿಮ್ಮ ಬುಕಿಂಗ್ ಸೂಚನೆಗಳು ಸಿಕ್ಕಿಬೀಳುತ್ತಿರುವುದಕ್ಕೆ ಇನ್ನೊಂದು ಬಲವಾದ ಕಾರಣವೂ ಇರಬಹುದು. ಎಂಜೆಎಂಎಲ್ ಎಂಬ ಜನಪ್ರಿಯ ಸಾಧನದಿಂದ ತಯಾರಾದ ಮೇಲ್‌ಗಳಲ್ಲಿ, ಟೇಬಲ್ ಕೋಶಗಳ ನಡುವೆ ಬಿರುಕು ಕಾಣದಿರಲೆಂದು ಹೊರಗಿನ ಕೋಶಕ್ಕೆ ‘ಫಾಂಟ್-ಸೈಜ್: 0’ ಎಂದು ಬರೆದು, ಒಳಗಿನ ಪಠ್ಯಕ್ಕೆ 13 ಪಿಕ್ಸೆಲ್ ಎಂದೋ 16 ಪಿಕ್ಸೆಲ್ ಎಂದೋ ಮತ್ತೆ ಬರೆದಿರುತ್ತದೆ. ಅಲ್ಲಿ ಒಂದು ಅಕ್ಷರವೂ ಅಡಗಿಲ್ಲ. ಆದರೆ ಮೂಲದಲ್ಲಿ ‘ಫಾಂಟ್-ಸೈಜ್: 0’ ಎಂಬ ಸಾಲನ್ನಷ್ಟೇ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ ಹೊರಗು ಒಳಗು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಮೊದಲ ತಿದ್ದುಪಡಿ ಇಲ್ಲಿಂದಲೇ ಆರಂಭವಾಗಬೇಕು. ಎಚ್‌ಟಿಎಂಎಲ್ ಅನ್ನು ಪಾರ್ಸರ್ (ಟ್ಯಾಗ್‌ಗಳ ಒಳಹೊರಗನ್ನು ಬಿಡಿಸಿ ಓದುವ ತಂತ್ರಾಂಶ) ಮೂಲಕ ಮರದ ರೂಪಕ್ಕೆ ತಂದು, ಪ್ರತಿ ಪಠ್ಯದ ತುಣುಕಿಗೂ ಅದರ ಪೂರ್ವಜ ಟ್ಯಾಗ್‌ಗಳಿಂದ ಇಳಿದುಬಂದ ಗಾತ್ರ, ಬಣ್ಣ, ಹಿನ್ನೆಲೆ, ಗೋಚರತೆಗಳನ್ನು ಲೆಕ್ಕಹಾಕಿ, ಕೊನೆಗೆ ‘ಕಾಣುವ ಪಠ್ಯ’ ಮತ್ತು ‘ಕಾಣದ ಪಠ್ಯ’ ಎಂಬ ಎರಡು ಕಟ್ಟುಗಳನ್ನು ಮಾಡಿಕೊಳ್ಳಬೇಕು. ಗಾತ್ರ ಒಳಗೆ ಮತ್ತೆ ಬರೆದಿದ್ದರೆ ಅದು ಹೊರಗಿನದನ್ನು ಮೀರುತ್ತದೆ. ‘ಡಿಸ್‌ಪ್ಲೇ: ನನ್’ ಹಾಗಲ್ಲ, ಅದರೊಳಗಿರುವುದೆಲ್ಲವೂ ಮರೆಯಾಗುತ್ತದೆ. ಸ್ಟೈಲ್ ಭಾಗದಲ್ಲಿ ಪರದೆಯ ಅಗಲಕ್ಕೆ ತಕ್ಕಂತೆ ನಿಯಮಗಳಿದ್ದರೆ ಎರಡೂ ಅಗಲಗಳಲ್ಲಿ ಲೆಕ್ಕಹಾಕಿ, ಎರಡರಲ್ಲಿಯೂ ಕಾಣದ್ದನ್ನು ಮಾತ್ರ ಕಾಣದ ಕಟ್ಟಿಗೆ ಸೇರಿಸಿ. ಈ ಕೆಲಸವನ್ನು ಸ್ಪ್ಯಾಮ್‌ಅಸ್ಸಾಸಿನ್‌ನ ಚಿಕ್ಕ ಪರ್ಲ್ ಪ್ಲಗಿನ್ ಒಂದರಲ್ಲಿ ಮಾಡಬಹುದು. ನಿಜವಾದ ಬ್ರೌಸರ್ ಎಂಜಿನ್ ಬಳಸುವ ಮನಸ್ಸಿದ್ದರೆ ಅದಕ್ಕೆ ನೆಟ್‌ವರ್ಕ್ ಸಂಪರ್ಕ ಕೊಡಲೇಬೇಡಿ. ಅದು ಚಿತ್ರಗಳನ್ನು ಇಳಿಸಿಕೊಂಡರೆ ನಿಮ್ಮ ವಿಳಾಸ ಜೀವಂತವಿದೆ ಎಂಬ ಸುದ್ದಿ ಸ್ಪ್ಯಾಮ್ ಕಳಿಸಿದವರಿಗೆ ತಲುಪುತ್ತದೆ.

ಎರಡು ಕಟ್ಟುಗಳು ಕೈಗೆ ಬಂದ ಮೇಲೆ ನೋಡಬೇಕಾದ ಅತಿ ಬಲವಾದ ಸುಳಿವು ಪದದ ಒಡಕು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪರದೆಯ ಮೇಲೆ ‘ಖಾತೆ ಸ್ಥಗಿತ’ ಎಂದು ಕಾಣುವ ಸಾಲಿನ ಮೂಲದಲ್ಲಿ ‘ಖಾ’ ಆದ ಮೇಲೆ ಶೂನ್ಯ ಗಾತ್ರದ ಸ್ಪ್ಯಾನ್ (ಪಠ್ಯದ ತುಣುಕನ್ನು ಸುತ್ತುವ ಟ್ಯಾಗ್) ಒಂದರಲ್ಲಿ ‘ಬೆಟ್ಟ’ ಎಂದಿದೆ, ಆಮೇಲೆ ‘ತೆ’ ಬರುತ್ತದೆ. ‘ಸ್ಥ’ ಆದ ಮೇಲೆ ಇನ್ನೊಂದು ಸ್ಪ್ಯಾನ್‌ನಲ್ಲಿ ‘ಮಳೆ’ ಎಂದಿದೆ, ಆಮೇಲೆ ‘ಗಿತ’ ಬರುತ್ತದೆ. ಫಿಲ್ಟರ್ ಓದುವುದು ‘ಖಾಬೆಟ್ಟತೆ ಸ್ಥಮಳೆಗಿತ’ ಎಂದು. ಅದಕ್ಕೆ ಇದರಲ್ಲಿ ಅನುಮಾನ ಪಡುವಂಥ ಪದವೇ ಇಲ್ಲ. ಪ್ರೀಹೆಡರ್ ಆಗಲಿ, ಮೊಬೈಲ್ ವಿನ್ಯಾಸವಾಗಲಿ, ಸ್ಕ್ರೀನ್ ರೀಡರ್ ಪಠ್ಯವಾಗಲಿ ಎಂದೂ ಪದದ ಹೊಟ್ಟೆಯೊಳಗೆ ಬಂದು ಕೂರುವುದಿಲ್ಲ. ಅವು ತಮ್ಮದೇ ಪ್ರತ್ಯೇಕ ಖಂಡದಲ್ಲಿ, ಬಹುತೇಕ ಆರಂಭದಲ್ಲಿ ಇರುತ್ತವೆ. ಆದ್ದರಿಂದ ಕಾಣುವ ಅಕ್ಷರ, ಕಾಣದ ಅಕ್ಷರ, ಮತ್ತೆ ಕಾಣುವ ಅಕ್ಷರ ಎಂಬ ಸರಣಿ ನಡುವೆ ಜಾಗವಿಲ್ಲದೆ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಒಂದು ಸಲ ಬಂದರೆ ಯಾವುದೋ ಸಂಪಾದಕ ತಂತ್ರಾಂಶದ ಕಸ ಇರಬಹುದು. ಒಂದೇ ಮೇಲ್‌ನಲ್ಲಿ ಹಲವು ಸಲ ಬಂದರೆ ಅದಕ್ಕೆ ಸಜ್ಜನ ಕಾರಣವನ್ನು ಊಹಿಸುವುದು ಕಷ್ಟ. ನಾನು ಹೆಚ್ಚಿನ ಅಂಕ ಕೊಡುವ ಏಕೈಕ ಸುಳಿವು ಇದು.

ಇಲ್ಲಿಂದ ನಿಮ್ಮ ಕನ್ನಡ ಸುತ್ತೋಲೆಗಳ ಸಂಗತಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷ್ ಮೇಲ್‌ಗಳನ್ನು ಮನಸ್ಸಿನಲ್ಲಿಟ್ಟು ಬರೆದ ಸಲಹೆಗಳು ಕನ್ನಡಕ್ಕೆ ನೇರವಾಗಿ ಪೆಟ್ಟು ಕೊಡುವುದು ಇಲ್ಲಿಯೇ. ಶೂನ್ಯ ಅಗಲದ ಅಕ್ಷರಗಳಲ್ಲಿ, ಯುನಿಕೋಡ್ ಸಂಖ್ಯೆ ಯು+200ಸಿ ಆಗಿರುವ, ಅಕ್ಷರಗಳು ಕೂಡದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಮತ್ತು ಯು+200ಡಿ ಆಗಿರುವ, ಅಕ್ಷರಗಳನ್ನು ಕೂಡಿಸುವ ಝಡ್‌ಡಬ್ಲ್ಯುಜೆ ನಮ್ಮ ಬರವಣಿಗೆಯ ಭಾಗವೇ ಆಗಿವೆ. ‘ಹೋಮ್‌ಸ್ಟೇ’, ‘ಪಾರ್ಚ್‌ಮೆಂಟ್’, ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಅರ್ಧಾಕ್ಷರದ ಮುಂದೆ ಝಡ್‌ಡಬ್ಲ್ಯುಎನ್‌ಜೆ ಇರದಿದ್ದರೆ ಮುಂದಿನ ವ್ಯಂಜನ ಒತ್ತಕ್ಷರವಾಗಿ ಕೆಳಗಿಳಿದು ಪದ ಓದಲಾಗದಂತಾಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣವಾಗಿ ನಿಲ್ಲಲು ಝಡ್‌ಡಬ್ಲ್ಯುಜೆ ಬೇಕು. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಪಾರ್ಚ್‌ಮೆಂಟ್ ಎಂದು ದಿನವೂ ಧಾರಣೆ ಬರೆಯುವ ಸಂಘದ ಸುತ್ತೋಲೆಯಲ್ಲಿ ಇಂಥವು ಸಾಲುಸಾಲಾಗಿ ಇರುವುದು ಸಹಜ. ಕನ್ನಡ ಲಿಪಿಯಲ್ಲಿ ಕೊಡವ ತಕ್ಕ್ ಬರೆದರೂ ಇದೇ ಮಾತು ಅನ್ವಯಿಸುತ್ತದೆ. ಕೆಲವು ಕೀಲಿಮಣೆಗಳಲ್ಲಿ ಟೈಪ್ ಮಾಡಿದ ಪಠ್ಯದಲ್ಲಿ ಪದದ ಕೊನೆಯ ಅರ್ಧಾಕ್ಷರದ ನಂತರವೂ ಝಡ್‌ಡಬ್ಲ್ಯುಎನ್‌ಜೆ ಉಳಿದಿರುತ್ತದೆ. ಅದು ಅನವಶ್ಯಕ, ಆದರೆ ನಿರುಪದ್ರವಿ.

ಆದ್ದರಿಂದ ಎಣಿಕೆ ಬಿಟ್ಟು ಸ್ಥಾನ ನೋಡಬೇಕು. ಹಿಂದಿನ ಅಕ್ಷರ ಕನ್ನಡದ ವಿರಾಮ (ಅರ್ಧಾಕ್ಷರ ಮಾಡುವ ಗುರುತು), ಅಂದರೆ ಯು+0ಸಿಸಿಡಿ ಆಗಿದ್ದರೆ ಅಲ್ಲಿನ ಝಡ್‌ಡಬ್ಲ್ಯುಎನ್‌ಜೆ ಸಾಧು. ಅಂತರರಾಷ್ಟ್ರೀಯ ಡೊಮೇನ್ ಹೆಸರುಗಳಿಗಾಗಿ 2010ರಲ್ಲಿ ಬಂದ ಅಂತರಜಾಲದ ಮಾನದಂಡ ದಾಖಲೆ ಆರ್‌ಎಫ್‌ಸಿ 5892 ಕೂಡ ಇಂಥದೇ ಪರೀಕ್ಷೆಯನ್ನು ಹೇಳುತ್ತದೆ. ಆದರೆ ಅದನ್ನು ಯಥಾವತ್ತಾಗಿ ನಕಲು ಮಾಡಬೇಡಿ: ಅದರ ಪ್ರಕಾರ ಝಡ್‌ಡಬ್ಲ್ಯುಜೆ ಕೂಡ ವಿರಾಮದ ನಂತರವೇ ಬರಬೇಕು, ಕನ್ನಡದ ‘ರ‍್ಯ’ದಲ್ಲಿ ಅದು ರಕಾರ ಮತ್ತು ವಿರಾಮದ ನಡುವೆ ಬರುತ್ತದೆ. ಈ ವಿನಾಯಿತಿಯನ್ನು ನೀವೇ ಸೇರಿಸಿಕೊಳ್ಳಬೇಕು. ಕುಟುಂಬದ ಚಿತ್ರದಂಥ ಕೂಡು ಇಮೋಜಿಗಳಲ್ಲಿಯೂ ಝಡ್‌ಡಬ್ಲ್ಯುಜೆ ಇರುತ್ತದೆ ಎಂಬುದನ್ನು ಮರೆಯಬೇಡಿ, ಹೋಮ್‌ಸ್ಟೇ ಅತಿಥಿಗಳ ಪತ್ರಗಳಲ್ಲಿ ಅವು ಧಾರಾಳವಾಗಿ ಬರುತ್ತವೆ. ಇವೆಲ್ಲ ಕಳೆದ ಮೇಲೆ ಅನುಮಾನಕ್ಕೆ ಉಳಿಯುವುದು ಮುಖ್ಯವಾಗಿ ಎರಡು: ಇಂಗ್ಲಿಷ್ ಪದದ ಎರಡು ಅಕ್ಷರಗಳ ನಡುವೆ ಕುಳಿತ ಶೂನ್ಯ ಅಗಲದ ಅಕ್ಷರ, ಮತ್ತು ಜಾಲವಿಳಾಸದ ಒಳಗೆ ಕುಳಿತ ಶೂನ್ಯ ಅಗಲದ ಅಕ್ಷರ. ಇಂಗ್ಲಿಷ್ ಬರವಣಿಗೆಗೆ ಇವುಗಳ ಅಗತ್ಯವಿಲ್ಲ. ಬ್ಯಾಂಕಿನ ಹೆಸರನ್ನು ಫಿಲ್ಟರ್‌ನಿಂದ ಮರೆಸುವವರಿಗೇ ಇವು ಹೆಚ್ಚಾಗಿ ಬೇಕು. ಯು+00ಎಡಿ ಎಂಬ ಮೃದು ಹೈಫನ್‌ಗೆ ಮಾತ್ರ ಸ್ವಲ್ಪ ರಿಯಾಯಿತಿ ಕೊಡಿ, ಉದ್ದ ಪದಗಳನ್ನು ಸಾಲಿನ ಕೊನೆಯಲ್ಲಿ ಮುರಿಯಲು ಯುರೋಪಿನ ಭಾಷೆಗಳಲ್ಲಿ ಅದನ್ನು ಪ್ರಾಮಾಣಿಕವಾಗಿಯೇ ಬಳಸುತ್ತಾರೆ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕಾದದ್ದು ಹಿನ್ನೆಲೆಯ ಬಗ್ಗೆ. ಬಿಳಿ ಅಕ್ಷರ ಕಂಡ ತಕ್ಷಣ ಅಡಗಿದೆ ಎನ್ನಲಾಗದು. ಅದು ಹಸಿರು ಬಟನ್‌ನ ಮೇಲಿರಬಹುದು, ಆ ಹಸಿರು ಮೂರು ಟ್ಯಾಗ್‌ಗಳ ಹೊರಗೆ ಬರೆದಿರಬಹುದು. ಹತ್ತಿರದ ಪೂರ್ವಜನ ಹಿನ್ನೆಲೆಯನ್ನು ಹುಡುಕಿ, ಹಿನ್ನೆಲೆ ಚಿತ್ರವಾಗಿದ್ದರೆ ಆ ತುಣುಕನ್ನು ಲೆಕ್ಕದಿಂದಲೇ ಬಿಡಿ. ಅಳೆಯಲು ವೆಬ್ ಸುಗಮತೆಯ ಮಾನದಂಡದಲ್ಲಿರುವ ಬಣ್ಣಗಳ ವ್ಯತ್ಯಾಸದ (ಕಾಂಟ್ರಾಸ್ಟ್) ಅನುಪಾತವನ್ನು ಬಳಸಬಹುದು. ಅದು ಒಂದೇ ಬಣ್ಣಕ್ಕೆ 1, ಕಪ್ಪು ಬಿಳಿಗೆ 21. ಆ ಮಾನದಂಡ ಸಾಮಾನ್ಯ ಪಠ್ಯಕ್ಕೆ ಕೇಳುವ 4.5 ಅನ್ನು ಇಲ್ಲಿ ಗಡಿಯಾಗಿ ಇಡಬೇಡಿ. ಅದು ಓದಲು ಹಿತವಾಗಿರಲಿ ಎಂಬುದಕ್ಕೆ ಇರುವ ಗಡಿ, ಅಡಗಿಸಿದ್ದಕ್ಕಲ್ಲ. ಎಷ್ಟೋ ಸಂಸ್ಥೆಗಳು ಅಡಿಟಿಪ್ಪಣಿಗೆ ಬಳಸುವ 999999 ಎಂಬ ಬೂದು ಬಣ್ಣಕ್ಕೆ ಬಿಳಿಯ ಮೇಲೆ ಸಿಗುವುದೇ 2.85. ಬಿಳಿಯ ಮೇಲೆ ಒಂದಂಶ ಮಾತ್ರ ಕಡಿಮೆಯ ಬಿಳಿಯನ್ನು ಬಳಸುವ ಹಳೆಯ ಉಪಾಯಕ್ಕೆ ಸಿಗುವುದು ಸುಮಾರು 1.01. ಈ ಎರಡರ ನಡುವೆ ವಿಶಾಲ ಬಯಲಿದೆ, 1.2ರ ಆಸುಪಾಸಿನಲ್ಲಿ ಗೆರೆ ಎಳೆದರೆ ಬೂದು ಅಡಿಟಿಪ್ಪಣಿಗಳು ಸುರಕ್ಷಿತ. ಸ್ಪ್ಯಾಮ್‌ಅಸ್ಸಾಸಿನ್‌ನಲ್ಲಿ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಹತ್ತಿರವನ್ನು ನೋಡುವ ‘ಎಚ್‌ಟಿಎಂಎಲ್ ಫಾಂಟ್ ಲೋ ಕಾಂಟ್ರಾಸ್ಟ್’ ಎಂಬ ನಿಯಮ ಈಗಾಗಲೇ ಇದೆ. ನಿಮ್ಮ ಲೆಕ್ಕ ಅದರೊಂದಿಗೆ ಸೇರಿ ಒಂದೇ ದೋಷಕ್ಕೆ ಎರಡು ಸಲ ಅಂಕ ಬೀಳದಂತೆ ನೋಡಿಕೊಳ್ಳಿ.

ಪದ ಒಡೆಯದೆ, ಖಂಡವಾಗಿ ಅಡಗಿದ ಪಠ್ಯವನ್ನು ಹೇಗೆ ತೂಗಬೇಕು? ಮೊದಲು, ಅದು ಮೇಲ್‌ನ ಉಳಿದ ಭಾಗಕ್ಕೆ ಸಂಬಂಧಿಸಿದ್ದೇ ಎಂದು ನೋಡಿ. ಮೊಬೈಲ್‌ಗಾಗಿ ಅಡಗಿಸಿದ ವಿನ್ಯಾಸ ಕಾಣುವ ಪಠ್ಯದ ಮಾತುಗಳನ್ನೇ ಪುನರಾವರ್ತಿಸುತ್ತದೆ. ಪ್ರೀಹೆಡರ್ ಒಂದೆರಡು ವಾಕ್ಯದಲ್ಲಿ ಅದೇ ವಿಷಯವನ್ನು ಹೇಳುತ್ತದೆ. ಬಾಕಿ ಬಿಲ್‌ನ ಮೇಲ್‌ನೊಳಗೆ ಅಡಗಿರುವುದು ಯಾವುದೋ ಕಥೆಯ ನಾಲ್ಕು ಪ್ಯಾರಾ ಆಗಿದ್ದರೆ, ಎರಡು ಕಟ್ಟುಗಳ ನಡುವೆ ಸಾಮಾನ್ಯ ಪದಗಳೇ ಇರುವುದಿಲ್ಲ. ಮೇಲ್‌ನ ಸಾದಾ ಪಠ್ಯದ ಭಾಗ ಇದ್ದರೆ ಅದನ್ನೂ ಹೋಲಿಸಿ. ಆಮೇಲೆ ಪ್ರಮಾಣ: ಕಾಣುವ ಪಠ್ಯ ಎರಡು ಸಾಲು, ಕಾಣದ್ದು ಅದರ ಹತ್ತು ಪಟ್ಟು ಎಂದಾದರೆ ಅನುಮಾನ ನ್ಯಾಯವಾದದ್ದೇ. ಶೂನ್ಯ ಅಗಲದ ಅಕ್ಷರಗಳಿಂದಲೂ ಖಾಲಿ ಜಾಗಗಳಿಂದಲೂ ತುಂಬಿದ ಉದ್ದವನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಪದಗಳನ್ನಷ್ಟೇ ಎಣಿಸಿ. ಇಲ್ಲವಾದರೆ ಪ್ರೀಹೆಡರ್‌ನ ಪೋಣಿಕೆಯೇ ಪ್ರಮಾಣವನ್ನು ಕೆಡಿಸುತ್ತದೆ.

ಅಂಕಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಸ್ಪ್ಯಾಮ್‌ಅಸ್ಸಾಸಿನ್‌ನ ಮೂಲ ಗಡಿಯೇ 5. ಒಂದೇ ನಿಯಮಕ್ಕೆ 5 ಕೊಟ್ಟರೆ ಉಳಿದ ನೂರಾರು ನಿಯಮಗಳ ಬಾಯಿ ಕಟ್ಟಿದಂತೆ. ಖಂಡವಾಗಿ ಅಡಗಿದ, ಸಂಬಂಧವಿಲ್ಲದ ಪಠ್ಯಕ್ಕೆ 1ರ ಒಳಗೆ, ಹಲವು ಸಲ ಬಂದ ಪದದ ಒಡಕಿಗೆ 2 ಅಥವಾ 2.5, ಪ್ರೀಹೆಡರ್‌ನಂತಿರುವುದಕ್ಕೆ ಸೊನ್ನೆ. ಎರಡು ಅಡಿಗೆರೆಗಳಿಂದ ಆರಂಭವಾಗುವ ಹೆಸರಿನ ನಿಯಮಗಳಿಗೆ ಸ್ವಂತ ಅಂಕ ಇರುವುದಿಲ್ಲ. ಸುಳಿವುಗಳನ್ನು ಹಾಗೆ ಬರೆದು, ‘ಮೆಟಾ’ ನಿಯಮದಲ್ಲಿ ಕೂಡಿಸಿ. ಪದದ ಒಡಕಿನ ಜೊತೆಗೆ, ಕಳಿಸಿದವರ ಡೊಮೇನ್ ಅಸಲಿಯೇ ಎಂದು ನೋಡುವ ಡಿಎಂಎಆರ್‌ಸಿ ಪರೀಕ್ಷೆಯೂ ವಿಫಲವಾಗಿದ್ದರೆ ಆಗ ಗಡಿ ದಾಟಿಸಲು ಹಿಂಜರಿಯಬೇಕಿಲ್ಲ. ಬೇಯ್ಸ್ ಭಾಗಕ್ಕೆ ಕಾಣದ ಪಠ್ಯವನ್ನು ಅಳಿಸಿ ಕೊಡುವ ಅಗತ್ಯವಿಲ್ಲ. ಸ್ಪ್ಯಾಮ್‌ಅಸ್ಸಾಸಿನ್ ತಾನು ಗುರುತಿಸಿದ ಕಾಣದ ಪದಗಳಿಗೆ ಬೇರೆ ಗುರುತು ಹಚ್ಚಿ ಪ್ರತ್ಯೇಕವಾಗಿಯೇ ಕಲಿಯುತ್ತದೆ, ಹಾಗಾಗಿ ತುಂಬಿದ ಒಳ್ಳೆಯ ಪದಗಳು ಕಾಣುವ ಪದಗಳ ತೂಕವನ್ನು ಸುಲಭವಾಗಿ ಕೆಡಿಸಲಾರವು. ಆದರೆ ತಲಾ 200 ಸ್ಪ್ಯಾಮ್ ಮತ್ತು ಒಳ್ಳೆಯ ಮೇಲ್‌ಗಳನ್ನು ಕಲಿಸುವವರೆಗೆ ಬೇಯ್ಸ್ ಕೆಲಸವನ್ನೇ ಆರಂಭಿಸುವುದಿಲ್ಲ.

ಹೊಸ ನಿಯಮಗಳನ್ನು ಕೂಡಲೇ ಜಾರಿಗೆ ತರಬೇಡಿ. ಅಂಕ 0 ಎಂದು ಬರೆದರೆ ಸ್ಪ್ಯಾಮ್‌ಅಸ್ಸಾಸಿನ್ ಆ ನಿಯಮವನ್ನೇ ನಿಲ್ಲಿಸುತ್ತದೆ; 0.001 ಎಂದು ಬರೆದರೆ ನಿಯಮ ಓಡುತ್ತದೆ, ಲಾಗ್‌ನಲ್ಲಿ ಕಾಣುತ್ತದೆ, ಯಾರ ಮೇಲ್‌ಗೂ ತೊಂದರೆಯಿಲ್ಲ. ಈ ನಡುವೆ ಒಳ್ಳೆಯ ಮೇಲ್‌ಗಳ ಸಂಗ್ರಹವೊಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಕಟ್ಟಿಕೊಳ್ಳಿ. ಕೊಡಗಿನಲ್ಲಿ ಮೇಲ್‌ಗಳ ಸ್ವರೂಪವೇ ಋತುವಿನೊಂದಿಗೆ ಬದಲಾಗುತ್ತದೆ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲಿನ ಕಾಲದಲ್ಲಿ ಧಾರಣೆ, ಲಾರಿ ಬಾಡಿಗೆ, ಕ್ಯೂರಿಂಗ್ ಲೆಕ್ಕ, ಬೇಸಿಗೆ ರಜೆಯಲ್ಲಿ ಬುಕಿಂಗ್‌ಗಳ ಮಹಾಪೂರ. ಒಂದು ತಿಂಗಳ ಮೇಲ್‌ಗಳಲ್ಲಿ ಸರಿಬಂದ ನಿಯಮ ಇನ್ನೊಂದು ತಿಂಗಳಲ್ಲಿ ತಪ್ಪಬಹುದು. 300 ಒಳ್ಳೆಯ ಮೇಲ್‌ಗಳಲ್ಲಿ ಒಂದೂ ತಪ್ಪಾಗಿ ಸಿಕ್ಕಿಬೀಳಲಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಜವಾದ ತಪ್ಪಿನ ಪ್ರಮಾಣ ಆಗಲೂ ಶೇಕಡಾ 1ರವರೆಗೆ ಇರಬಹುದು, 3,000 ಮೇಲ್‌ಗಳಲ್ಲಿ ಹಾಗಾದರೆ 0.1ರವರೆಗೆ. ದಿನಕ್ಕೆ 200 ಮೇಲ್ ಬರುವ ಸರ್ವರ್‌ನಲ್ಲಿ ಶೇಕಡಾ 1 ಎಂದರೆ ದಿನಕ್ಕೆ ಎರಡು ಪತ್ರಗಳ ನಷ್ಟ. ಪರೀಕ್ಷೆಯ ಸಂಗ್ರಹದಲ್ಲಿ ಕನ್ನಡ ಮೇಲ್‌ಗಳು ಸಾಕಷ್ಟಿರಲೇಬೇಕು. ಸ್ಪ್ಯಾಮ್‌ಅಸ್ಸಾಸಿನ್ ಯೋಜನೆಯೇ ಪ್ರಕಟಿಸಿದ ಸಾರ್ವಜನಿಕ ಸಂಗ್ರಹ 2002–03ರ ಕಾಲದ್ದು; ಅದರಲ್ಲಿ ಇಂದಿನ ಪ್ರೀಹೆಡರ್‌ನ ಪೋಣಿಕೆಯಾಗಲಿ ಮೊಬೈಲ್ ವಿನ್ಯಾಸವಾಗಲಿ ಸಿಗುವುದಿಲ್ಲ.

ನಂಬಿಕಸ್ಥರ ಪಟ್ಟಿ ಮಾಡುವಾಗ ಕಳುಹಿಸಿದವರ ವಿಳಾಸವನ್ನಷ್ಟೇ ನೋಡಿ ಬಿಡಬೇಡಿ, ಅದನ್ನು ಯಾರೂ ನಕಲು ಮಾಡಬಹುದು. ಡಿಕೆಐಎಂ ಎಂಬ ಡಿಜಿಟಲ್ ಸಹಿ ಸರಿಯಿರುವ ಡೊಮೇನ್‌ಗೆ ಮಾತ್ರ ವಿನಾಯಿತಿ ಕೊಡುವ ಸೌಲಭ್ಯ ಸ್ಪ್ಯಾಮ್‌ಅಸ್ಸಾಸಿನ್‌ನಲ್ಲಿದೆ, ಅದನ್ನೇ ಬಳಸಿ. ನಿಮ್ಮ ಸದಸ್ಯರಲ್ಲಿ ಹಲವರು ಸಂಘದ ವಿಳಾಸಕ್ಕೆ ಬಂದದ್ದನ್ನು ತಮ್ಮ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಳ್ಳುತ್ತಿರಬಹುದು. ಹಾಗೆ ಫಾರ್ವರ್ಡ್ ಆದಾಗ, ಕಳಿಸಿದ ಸರ್ವರ್‌ಗೆ ಆ ಡೊಮೇನ್‌ನ ಅನುಮತಿ ಇದೆಯೇ ಎಂದು ನೋಡುವ ಎಸ್‌ಪಿಎಫ್ ಮುರಿಯುತ್ತದೆ, ಡಿಕೆಐಎಂ ಸಹಿ ಮೇಲ್ ಬದಲಾಗದಿದ್ದರೆ ಉಳಿಯುತ್ತದೆ.

ಸಂಶಯದ ಮೇಲ್‌ಗಳನ್ನು ಎಲ್ಲಿ ಇಡಬೇಕು ಎಂಬುದೂ ನಿಮ್ಮ ಕಡೆ ಮುಖ್ಯ ಪ್ರಶ್ನೆ. ಆಷಾಢದ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಹೋಗುವ ತೋಟದ ಮನೆಯವರು ಜಂಕ್ ಫೋಲ್ಡರ್ ತೆರೆದು ನೋಡುತ್ತಾರೆಂದು ನಂಬಿ ಕೂರಲಾಗದು. ಜಿಮೇಲ್‌ನಂಥ ಸೇವೆಗಳಲ್ಲಿ ಅಲ್ಲಿರುವುದು 30 ದಿನಗಳಲ್ಲಿ ಅಳಿದೇ ಹೋಗುತ್ತದೆ. ಅಂಕ ಗಡಿಯ ಹತ್ತಿರವಿರುವ ಮೇಲ್‌ಗಳನ್ನು ಇನ್‌ಬಾಕ್ಸ್‌ಗೇ ಬಿಟ್ಟು, ವಿಷಯದ ಮೊದಲಿಗೆ ‘ಸಂಶಯ’ ಎಂದು ಸೇರಿಸಿ. ಅಂಕ ತೀರಾ ಹೆಚ್ಚಿರುವುದನ್ನು ಸರ್ವರ್ ಸ್ವೀಕರಿಸುವ ಹಂತದಲ್ಲಿಯೇ ತಿರಸ್ಕರಿಸಿ, ಏಕೆಂದರೆ ಪ್ರಾಮಾಣಿಕರದ್ದು ಅಪ್ಪಿತಪ್ಪಿ ಸಿಕ್ಕಿಬಿದ್ದರೆ ಮೇಲ್ ತಲುಪಲಿಲ್ಲ ಎಂಬ ಸೂಚನೆ ಅವರಿಗೆ ಸಿಗುತ್ತದೆ. ಸ್ವೀಕರಿಸಿದ ಮೇಲೆ ವಾಪಸು ಪತ್ರ ಕಳಿಸುವ ಪದ್ಧತಿ ಬೇಡ. ಅದು ವಿಳಾಸ ಕದ್ದುಹೋದ ನಿರಪರಾಧಿಗೆ ಹೋಗಿ ಬೀಳುತ್ತದೆ.

ಸಂಘದ ಸುತ್ತೋಲೆಯನ್ನು ಬೇರೆಯವರ ಫಿಲ್ಟರ್‌ಗಳೂ ಹಿಡಿಯದಿರಲು ಕಳಿಸುವ ಕಡೆಯಲ್ಲಿಯೂ ಸ್ವಲ್ಪ ಕೆಲಸವಿದೆ. ಎಚ್‌ಟಿಎಂಎಲ್ ಹಾಗೂ ಸಿಎಸ್‌ಎಸ್ ಮೂಲಕ ಪಠ್ಯ ಅಡಗಿಸಿದರೆ ಮೇಲ್ ಸ್ಪ್ಯಾಮ್ ಎಂದು ಗುರುತಾಗಬಹುದು ಎಂದು ಗೂಗಲ್ ತನ್ನ ಕಳುಹುಗರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಡಿಕೆಐಎಂ ಸಹಿ ಹಾಕಿ, ಎಚ್‌ಟಿಎಂಎಲ್ ಜೊತೆಗೆ ಅದೇ ಮಾತುಗಳ ಸಾದಾ ಪಠ್ಯವನ್ನೂ ಸೇರಿಸಿ. ವರ್ಡ್‌ನಿಂದ ನೇರವಾಗಿ ಅಂಟಿಸುವುದನ್ನು ಬಿಡಿ, ಅದರೊಂದಿಗೆ ಅಡಗಿದ ಸ್ಪ್ಯಾನ್‌ಗಳು ತಾವಾಗಿಯೇ ಬರುತ್ತವೆ. ಸುತ್ತೋಲೆಯ ಮೊದಲ ಕಾಣುವ ಸಾಲಿನಲ್ಲಿಯೇ ಅಂದಿನ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಧಾರಣೆಯನ್ನು ಬರೆದರೆ ಇನ್‌ಬಾಕ್ಸ್ ಪಟ್ಟಿಯಲ್ಲಿ ಅದೇ ಸಾಲು ಇಣುಕುತ್ತದೆ, ಪ್ರೀಹೆಡರ್‌ನ ಅಗತ್ಯವೇ ಬೀಳುವುದಿಲ್ಲ.